ಇಂಗ್ಲಿಷಿನ ಕಠಿನ ಪದಗಳೂ ನಮ್ಮ ತರುಣರೂ

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಅಡ್ಡಾಡುವುದು ನಮಗೆ ಬಹುಕಾಲದ ಅಭ್ಯಾಸ. ಮಾನಸಗಂಗೋತ್ರಿಯ ಮಗ್ಗುಲಲ್ಲಿರುವ ಆ ಕೆರೆಯ ದಂಡೆಯಲ್ಲಿ ಪುಸ್ತಕ ಹಿಡಿದು ಕುಳಿತ ತರುಣರು ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಕಾಣಬರುತ್ತಿರುವರು. ಕಳೆದ ವಾರ ಅವರಲ್ಲೊಬ್ಬನು ಕಣ್ಣು ಮುಚ್ಚಿಕೊಂಡು, ಜಪಕ್ಕೆ ಕುಳಿತವನಂತೆ ತುಟಿಯಾಡಿಸುತ್ತಿದ್ದುದನ್ನು ಕಂಡು ನಾವು ನಿಂತೆವು. ಹೆಗ್ಗಡದೇವನಕೋಟೆಯ ಕಡೆಯ ರೈತನ ಮಗ, ಪದವೀಧರ, ನಗರದಲ್ಲಿ ಇನ್ನಿಬ್ಬರೊಡನೆ ಸಣ್ಣದೊಂದು ಬಾಡಿಗೆಯ ಕೋಣೆಯಲ್ಲಿದ್ದುಕೊಂಡು ಬ್ಯಾಂಕಿನ ನೌಕರಿಯ ಪರೀಕ್ಷೆಗೆ ಸಿದ್ಧನಾಗುತ್ತಿರುವನು. ಕೈಯಲ್ಲಿದ್ದ ನೋಟುಪುಸ್ತಕದ ತುಂಬ ಇಂಗ್ಲಿಷಿನ ಕಠಿನ ಪದಗಳು, ದಿನಕ್ಕೆ ಇಪ್ಪತ್ತರ ಲೆಕ್ಕದಲ್ಲಿ. ಒಂದೊಂದರ ಎದುರಿಗೂ ಇಂಗ್ಲಿಷಿನಲ್ಲಿಯೇ ಅರ್ಥ.

ಅಂದಿನ ಪಾಠದಲ್ಲಿ "ಆಂಬಿಡೆಕ್ಸ್ಟ್ರಸ್" ಎಂಬುದೊಂದು ಪದ. ಅದರ ಇಂಗ್ಲಿಷ್ ಅರ್ಥವನ್ನು ಹುಡುಗನು ಒಂದಕ್ಷರವೂ ತಪ್ಪದಂತೆ ಒಪ್ಪಿಸಿದನು. "ಅದನ್ನೇ ಕನ್ನಡದಲ್ಲಿ ಹೇಳಪ್ಪಾ" ಎಂದೆವು, ತಡವರಿಸಿದನು. "ಎರಡು ಕೈಗಳಿಂದಲೂ ಬಾಣ ಬಿಡುತ್ತಿದ್ದವನು ಯಾರು?" ಎಂದೆವು. "ಅರ್ಜುನ, ಸ್ವಾಮಿ" ಎಂದನು. "ಅದರಿಂದ ಅವನಿಗೆ ಬಂದ ಹೆಸರೇನು?" ಎಂದೆವು. ಕ್ಷಣಕಾಲ ನಮ್ಮ ಮುಖವನ್ನೇ ನೋಡಿ, "ಸವ್ಯಸಾಚಿ!" ಎಂದು ನಕ್ಕುಬಿಟ್ಟನು. "ಈ ಪದವನ್ನು ನಾಲ್ಕು ಸಲ ಮರೆತಿದ್ದೆ ಸ್ವಾಮಿ, ಇನ್ನು ಮರೆಯುವುದಿಲ್ಲ" ಎಂದನು. ಆ ನಗೆಯೇ ಇಂದಿನ ಈ ಲೇಖನಕ್ಕೆ ಕಾರಣವಾಯಿತು.

ಇಂಗ್ಲಿಷು ಬೇಕೆ ಬೇಡವೆ ಎಂಬ ಹಳೆಯ ವ್ಯಾಜ್ಯವನ್ನು ಇಂದು ನಾವು ಎತ್ತುತ್ತಿಲ್ಲ. ಮಾಧ್ಯಮದ ವಿಚಾರವಾಗಿ 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. 2019ರಲ್ಲಿ ರಾಜ್ಯ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಲು ಮುಂದಾಯಿತು. ಈ ವಿಷಯಗಳಲ್ಲಿ ನಮ್ಮ ಅಭಿಪ್ರಾಯವು ಓದುಗರಿಗೆ ತಿಳಿದೇ ಇದೆ. ಆದರೆ ಮಾಧ್ಯಮ ಯಾವುದೇ ಆಗಲಿ, ಇಂಗ್ಲಿಷಿನ ದೊಡ್ಡ ಪದಗಳನ್ನು ಕಲಿಯಬೇಕೆಂಬ ಆಶೆ ನಮ್ಮ ತರುಣರಲ್ಲಿ ಬಲವಾಗಿದೆ. ಅದು ಹಳಿಯತಕ್ಕ ಆಶೆಯೂ ಅಲ್ಲ. 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಗ್ಲಿಷ್ ಶಾಲೆಯನ್ನು ಸ್ಥಾಪಿಸಿದ ಊರು ಇದು. ಆ ಶಾಲೆಯೇ ಮುಂದೆ ಮಹಾರಾಜಾ ಕಾಲೇಜಾಯಿತು. ಅಲ್ಲಿ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರೇ 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಇಂಗ್ಲಿಷನ್ನು ಚೆನ್ನಾಗಿ ಕಲಿತವನು ಕನ್ನಡಕ್ಕೆ ಎರವಾಗಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನಮ್ಮ ಆಕ್ಷೇಪವಿರುವುದು ಕಲಿಕೆಯ ಮೇಲಲ್ಲ, ಕಲಿಯುವ ರೀತಿಯ ಮೇಲೆ.

ರೀತಿ ಎಂತಹುದು? ಒಂದು ಗೊತ್ತಿಲ್ಲದ ಪದಕ್ಕೆ ಇನ್ನೊಂದು ಅರೆಗೊತ್ತಿನ ಪದವನ್ನು ಅರ್ಥವೆಂದು ಬರೆದುಕೊಳ್ಳುವುದು. ಎರಡನ್ನೂ ಗಿಳಿಯಂತೆ ಉರುಹೊಡೆಯುವುದು. ಪರೀಕ್ಷೆಯ ಮಾರನೆಯ ದಿನ ಎರಡನ್ನೂ ಮರೆಯುವುದು. ನಮ್ಮ ಶಾಸ್ತ್ರಕಾರರು ಇದಕ್ಕೆ ಅಂಧಪರಂಪರಾನ್ಯಾಯವೆಂದು ಹೆಸರಿಟ್ಟಿರುವರು. ಕುರುಡನ ಕೈಯನ್ನು ಕುರುಡನು ಹಿಡಿದು ನಡೆದಂತೆ. ಈ ಹಳ್ಳದಲ್ಲಿ ನಾವೂ ಒಮ್ಮೆ ಬಿದ್ದವರೆಂಬುದನ್ನು ಒಪ್ಪಿಕೊಳ್ಳುವೆವು. ನಾವು ಮೊದಲು ಓದಿದ್ದು ಪಾಠಶಾಲೆಯಲ್ಲಿ. ಬಳಿಕ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ಮುಗಿಸಿದೆವು. ಅದರಾಚೆಗೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಮುದ್ರಣಾಲಯಕ್ಕೆ ಸೇರಿದ ಹೊಸದರಲ್ಲಿ, ನಿವೃತ್ತರಾಗುತ್ತಿದ್ದ ಅಧಿಕಾರಿಯೊಬ್ಬರಿಗೆ ಇಂಗ್ಲಿಷಿನಲ್ಲಿ ಬಿನ್ನವತ್ತಳೆ ಬರೆಯುವ ಕೆಲಸ ನಮ್ಮ ಪಾಲಿಗೆ ಬಂತು. ನಮ್ಮ ಪಟ್ಟಿಯಲ್ಲಿ "ನಟೋರಿಯಸ್" ಎಂದರೆ "ಬಹಳ ಜನಕ್ಕೆ ಗೊತ್ತಿರುವ" ಎಂಬರ್ಥದ ಇಂಗ್ಲಿಷ್ ಮಾತಿತ್ತು. ಅತಿಥಿಗಳ ಹೆಸರಿನ ಹಿಂದೆ ಆ ವಿಶೇಷಣವನ್ನು ಅಭಿಮಾನದಿಂದ ಜೋಡಿಸಿದೆವು. ಅಚ್ಚಿಗೆ ಹೋಗುವ ಮುಂಚೆ ಹಿರಿಯರೊಬ್ಬರು ಕಂಡು ತಲೆಯ ಮೇಲೆ ಕೈಹೊತ್ತುಕೊಂಡರು. "ಕುಖ್ಯಾತ" ಎಂಬ ಒಂದೇ ಒಂದು ಕನ್ನಡ ಪದವು ಆ ಪಟ್ಟಿಯಲ್ಲಿದ್ದಿದ್ದರೆ ನಮ್ಮ ಮಾನ ಉಳಿಯುತ್ತಿತ್ತು. ಪ್ರಖ್ಯಾತನಿಗೂ ಕುಖ್ಯಾತನಿಗೂ ಇರುವ ಭೇದವನ್ನು ನಾವು ಮಗುವಾಗಿದ್ದಾಗಲೇ ಬಲ್ಲೆವು. ಬಲ್ಲ ಆ ಭೇದವನ್ನು ಬಳಸಿಕೊಳ್ಳುವ ದಾರಿಯನ್ನು ಮಾತ್ರ ಯಾರೂ ತೋರಿಸಿರಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳಬಹುದು. "ಪಾಠಶಾಲೆಯಲ್ಲಿ ನೀವೂ ಅಮರಕೋಶವನ್ನು ಬಾಯಿಪಾಠ ಮಾಡಿದವರಲ್ಲವೆ? ಉರುಹೊಡೆಯುವುದನ್ನು ನೀವು ಹಳಿಯುವುದೆಂತು?" ಪ್ರಶ್ನೆ ನ್ಯಾಯವಾದುದೇ. ಆದರೆ ಅಮರಸಿಂಹನು ಪದಗಳನ್ನು ಅಕಾರಾದಿಯಾಗಿ ರಾಶಿಹಾಕಲಿಲ್ಲ. ಮೂರು ಕಾಂಡಗಳಾಗಿ, ವರ್ಗಗಳಾಗಿ ವಿಂಗಡಿಸಿದನು. ಸ್ವರ್ಗಕ್ಕೆ ಸೇರಿದವು ಒಂದೆಡೆ, ಗಿಡಮೂಲಿಕೆಗಳು ಒಂದೆಡೆ, ನಾನಾರ್ಥಪದಗಳು ಇನ್ನೊಂದೆಡೆ. ಒಂದು ಪದವನ್ನು ಹಿಡಿದರೆ ಅದರ ಬಂಧುಬಳಗವೆಲ್ಲ ಜೊತೆಗೆ ಬರುತ್ತಿತ್ತು. ಶ್ಲೋಕದ ನಡೆಯು ನೆನಪಿಗೆ ಊರುಗೋಲಾಗುತ್ತಿತ್ತು. ಅದಲ್ಲದೆ, ಬೆಳಗ್ಗೆ ಕೋಶವನ್ನು ಒಪ್ಪಿಸಿದವನು ಮಧ್ಯಾಹ್ನ ಕಾವ್ಯದ ಪಾಠಕ್ಕೆ ಕುಳಿತು ಅದೇ ಪದವನ್ನು ಜೀವಂತವಾಗಿ ಎದುರುಗೊಳ್ಳುತ್ತಿದ್ದನು. ಕೋಶವು ಕಾವ್ಯಕ್ಕೆ ಬಾಗಿಲು. ಬಾಗಿಲಲ್ಲಿಯೇ ಸಂಸಾರ ಹೂಡಿರೆಂದು ಯಾವ ಗುರುವೂ ಹೇಳಲಿಲ್ಲ. ಕನ್ನಡದ ನಿಘಂಟುಕಾರರೂ ಇದೇ ದಾರಿಯಲ್ಲಿ ನಡೆದವರು. ನಾಗವರ್ಮನ ವಸ್ತುಕೋಶವು ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುತ್ತದೆ. 1398ರ ಅಭಿನವ ಮಂಗರಾಜನೂ ಅದೇ ಕೆಲಸವನ್ನು ಮುಂದುವರಿಸಿದನು. ಪರಭಾಷೆಯ ಪದವನ್ನು ಮನೆಗೆ ಕರೆತಂದು ಮನೆಮಾತಿನಲ್ಲಿ ಪರಿಚಯಿಸುವುದು ನಮ್ಮ ಹಿರಿಯರು ಅನೇಕ ಶತಮಾನಗಳಿಂದ ಬಲ್ಲ ಪದ್ಧತಿ. ಇಂಗ್ಲಿಷಿನ ಮುಂದೆ ಮಾತ್ರ ಅದನ್ನು ಕೈಬಿಟ್ಟಿರುವೆವು.

ಹಾಗೆ ಕೈಬಿಟ್ಟುದರಿಂದ ಆಗಿರುವ ನಷ್ಟವೆಷ್ಟೆಂದು ನೋಡೋಣ. ಇಂಗ್ಲಿಷಿನಲ್ಲಿ ಕಠಿನವೆನಿಸಿಕೊಳ್ಳುವ ಪದಗಳಲ್ಲಿ ಬಹುಭಾಗ ಇಂಗ್ಲಿಷರ ಮನೆಯ ಪದಗಳಲ್ಲ. ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳಿಂದ ತಂದವು. ಆ ಎರಡು ಭಾಷೆಗಳಿಗೂ ಸಂಸ್ಕೃತಕ್ಕೂ ಮೂಲ ಒಂದೇ ಇರಬೇಕೆಂದು ವಿಲಿಯಂ ಜೋನ್ಸನು 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದನು. ಮುಂದಿನ ಪಂಡಿತರು ಅದನ್ನು ಸ್ಥಿರಪಡಿಸಿದರು. ಕನ್ನಡವು ದ್ರಾವಿಡ ಕುಲದ ಭಾಷೆಯೇ ಸರಿ. ಆದರೂ ಸಂಸ್ಕೃತದ ಸಾವಿರಾರು ಪದಗಳು ಕನ್ನಡಿಗನ ನಾಲಗೆಯ ಮೇಲೆ ನೆಲಸಿವೆ. ಆದುದರಿಂದ ಈ ಕಠಿನ ಪದಗಳ ಕೀಲಿಕೈಯು ನಮ್ಮ ಹುಡುಗನ ಜೇಬಿನಲ್ಲಿಯೇ ಇದೆ. "ಓಮ್ನಿಸಿಯೆಂಟ್" ಎಂಬುದನ್ನು ಬಿಡಿಸಿದರೆ ಎಲ್ಲ ಎಂಬುದೊಂದು ಭಾಗ, ತಿಳಿದ ಎಂಬುದೊಂದು ಭಾಗ. ಅದೇ ನಮ್ಮ "ಸರ್ವಜ್ಞ". ತ್ರಿಪದಿಯನ್ನು ಬಲ್ಲ ಅಜ್ಜಿಗೂ ಗೊತ್ತಿರುವ ಹೆಸರು. "ಕ್ವಾಡ್ರುಪೆಡ್" ಎಂಬುದು ಚತುಷ್ಪಾದಿ. ಅಲ್ಲಿಯ ಪೆಡ್ ಇಲ್ಲಿಯ ಪಾದ. "ಇಮ್ಮಾರ್ಟಲ್" ಎಂಬುದರಲ್ಲಿರುವ ಮಾರ್ಟ್ ನಮ್ಮ ಮೃತ ಶಬ್ದದ ಸೋದರ. ಇಡೀ ಪದ ಅಮರ. "ಟ್ರೈಡೆಂಟ್" ಮೂರು ದಂತಗಳದು. ಶಿವನ ಕೈಯ ತ್ರಿಶೂಲ. ಆ ಹುಡುಗನ ಆಂಬಿಡೆಕ್ಸ್ಟ್ರಸ್ ಪದದ ಡೆಕ್ಸ್ಟರ್ ನಮ್ಮ ದಕ್ಷಿಣವೇ, ಎಂದರೆ ಬಲಗೈ. ಎರಡೂ ಬಲಗೈಯೇ ಆದವನು ಅವನು. ಇನ್ನು "ಮ್ಯಾಗ್ನ್ಯಾನಿಮಸ್." ಮ್ಯಾಗ್ನಸ್ ಎಂದರೆ ಮಹತ್ತು, ಆನಿಮಸ್ ಎಂದರೆ ಆತ್ಮ, ಮನಸ್ಸು. ಹುಡುಗನ ಪಟ್ಟಿಯಲ್ಲಿ ಅದರೆದುರು ಉದಾರಗುಣಕ್ಕೆ ಇಂಗ್ಲಿಷಿನ ಇನ್ನೊಂದು ಪದವಿತ್ತು. ಈ ದೇಶದ ಕೋಟ್ಯಂತರ ಜನರು ಒಬ್ಬ ಮನುಷ್ಯನನ್ನು ಯಾವ ಹೆಸರಿನಿಂದ ಕರೆದರೋ ಆ "ಮಹಾತ್ಮ" ಎಂಬುದೇ ಅದರ ಅಕ್ಷರಾರ್ಥವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಸಂಸ್ಕೃತವೊಂದೇ ಕೀಲಿಯೆಂದು ನಾವು ಹೇಳುವುದಿಲ್ಲ. "ಗ್ಯಾರುಲಸ್" ಎಂಬುದಕ್ಕೆ ವಾಚಾಳಿ ಎಂದರೂ ಸರಿಯೇ. ಆದರೆ ಬಾಯಿಬಡುಕ ಎಂದರೆ ಅದು ಮನಸ್ಸಿನಲ್ಲಿ ಮೊಳೆ ಹೊಡೆದಂತೆ ನಿಲ್ಲುವುದು. "ಸಿಕೋಫ್ಯಾಂಟ್" ನಮ್ಮ ಬಾಲಬಡುಕ. "ಪ್ರೊಕ್ರಾಸ್ಟಿನೇಟ್" ಎಂಬ ಭಾರಿ ಪದದ ಹೊಟ್ಟೆಯಲ್ಲಿರುವ ಕ್ರಾಸ್ ಎಂಬುದು ಲ್ಯಾಟಿನ್ನಿನ ನಾಳೆ. ಯಾವುದನ್ನೂ ನಾಳೆಗೆ ನೂಕುವುದು ಅದರ ಅರ್ಥ. ನಮ್ಮ ಹಳ್ಳಿಗಳಲ್ಲಿ ಹಿಂದೆ ಪೀಡೆಯನ್ನು ಹಿಂದಕ್ಕೆ ಕಳುಹಿಸಲು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರು. ಕೆಲವು ಕಛೇರಿಗಳು ಬಾಗಿಲ ಮೇಲೆ ಏನನ್ನೂ ಬರೆಯದೆಯೇ ಈ ಪದದ ಅರ್ಥವನ್ನು ಸಾರ್ವಜನಿಕರಿಗೆ ಪ್ರತಿನಿತ್ಯವೂ ಬೋಧಿಸುತ್ತಿರುವುವು. ಎಲ್ಲ ಪದಗಳೂ ಹೀಗೆ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ಕೆಲವು ರೂಪದಿಂದ ಮೋಸಗೊಳಿಸುವುವು. ಕೆಲವಕ್ಕೆ ಕನ್ನಡದಲ್ಲಿ ಒಂದೇ ಪದ ಸಾಲದು. ಆಗ ವಾಕ್ಯದಿಂದಲೇ ಅರ್ಥವನ್ನು ಹಿಡಿಯಬೇಕು. ಆದರೆ ಕನ್ನಡವನ್ನು ಹೊರಗೆ ನಿಲ್ಲಿಸಿ ಕಲಿತ ಪದವು ಎರವಲು ತಂದ ಒಡವೆಯಂತೆ. ಮದುವೆಯ ಮನೆಯಲ್ಲಿ ಮೆರೆದು ಮಾರನೆಯ ದಿನ ಹಿಂದಕ್ಕೆ ಹೋಗುವುದು.

ದೊಡ್ಡ ಪದಗಳ ರಾಶಿಯೇ ಭಾಷೆಯೆಂಬ ಭ್ರಮೆಯನ್ನೂ ಇಲ್ಲಿಯೇ ಕಳೆದುಕೊಳ್ಳುವುದು ಲೇಸು. ಈ ಊರಿನಲ್ಲಿಯೇ ಬಾಳಿದ ಆರ್. ಕೆ. ನಾರಾಯಣರ ಉದಾಹರಣೆ ಕಣ್ಣ ಮುಂದಿದೆ. ಅವರ ತಂದೆಯವರು ಇಲ್ಲಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಮಗನೋ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ವಿಷಯದಲ್ಲಿಯೇ ಅನುತ್ತೀರ್ಣ! ಹಾಗೆ ಅನುತ್ತೀರ್ಣರಾದವರು 1935ರಲ್ಲಿ "ಸ್ವಾಮಿ ಅಂಡ್ ಫ್ರೆಂಡ್ಸ್" ಪ್ರಕಟಿಸಿ ಲೋಕದ ಇಂಗ್ಲಿಷ್ ಓದುಗರನ್ನು ಗೆದ್ದರು. ಯಾದವಗಿರಿಯ ಅವರ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿದೆ. ಅವರ ಪುಸ್ತಕಗಳನ್ನು ತೆರೆದರೆ ಕೋಶವನ್ನು ಹುಡುಕಿಕೊಂಡು ಹೋಗಬೇಕಾದ ಪದಗಳು ಬಹು ವಿರಳ. ಪದಗಳ ಕಠಿನತೆಯನ್ನೇ ಅಳತೆಗೋಲಾಗಿ ಹಿಡಿದಿದ್ದ ಅಮೆರಿಕದ ಪರೀಕ್ಷಕರೂ ಈಚೆಗೆ ಮನಸ್ಸು ಬದಲಿಸಿರುವರು. ಅಲ್ಲಿನ ಜಿ. ಆರ್. ಇ. ಪರೀಕ್ಷೆಯು 2011ರಲ್ಲಿ ಬಿಡಿಪದಗಳ ವಿರುದ್ಧಾರ್ಥ ಕೇಳುವ ಪ್ರಶ್ನೆಗಳನ್ನು ಕೈಬಿಟ್ಟಿತು; 2016ರಲ್ಲಿ ಸ್ಯಾಟ್ ಪರೀಕ್ಷೆಯೂ ಅಪರೂಪದ ಪದಗಳನ್ನು ತ್ಯಜಿಸಿ, ಓದಿದ ಭಾಗದಲ್ಲಿ ಪದವು ಯಾವ ಅರ್ಥದಲ್ಲಿ ಬಂದಿದೆಯೆಂದು ಕೇಳತೊಡಗಿತು. ನಮ್ಮ ಕೇಂದ್ರ ಲೋಕಸೇವಾ ಆಯೋಗದ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಇಂಗ್ಲಿಷ್ ಪತ್ರಿಕೆಗೆ 300 ಅಂಕಗಳಿವೆ. ಅದು ಅರ್ಹತೆಗೆ ಮಾತ್ರ, ಶ್ರೇಣಿಗೆ ಎಣಿಕೆಯಾಗುವುದಿಲ್ಲ. ಅಲ್ಲಿಯೂ ಪ್ರಬಂಧ, ಸಂಕ್ಷೇಪ, ಗ್ರಹಿಕೆಗಳಿಗೆ ದೊಡ್ಡ ಸ್ಥಾನವಿದೆ. ತಿಳಿಯುವುದೂ ತಿಳಿಯುವಂತೆ ಬರೆಯುವುದೂ ಮುಖ್ಯವೆಂದು ಅತ್ಯುನ್ನತ ಪರೀಕ್ಷೆಯೇ ಹೇಳುತ್ತಿರುವಾಗ, ನಮ್ಮ ತರುಣನು ಬಿಡಿಪದಗಳ ಮೂಟೆ ಹೊತ್ತು ಬೆವರುವುದೇಕೆ?

"ಹಾಗಾದರೆ ಕಠಿನ ಪದಗಳನ್ನು ಕಲಿಯುವುದೇ ಬೇಡವೆ? ಕೈಯಲ್ಲಿರುವ ಫೋನು ಬೇಕೆಂದಾಗ ಅರ್ಥ ಹೇಳುವುದಲ್ಲ!" ಎಂದು ಕೆಲವರು ಕೇಳಬಹುದು. ಬೇಕೇ ಬೇಕೆಂದು ನಾವು ಒತ್ತಿ ಹೇಳುವೆವು. ಅದಕ್ಕೆ ಕಾರಣವನ್ನೂ ಹೇಳುವೆವು. ನಮ್ಮ ಪರಿಚಯದ ನಿವೃತ್ತ ಗುಮಾಸ್ತರೊಬ್ಬರು ನೆರೆಮನೆಯ ಹುಡುಗನ ಸಾಲಕ್ಕೆ ಜಾಮೀನು ನಿಂತರು. ಕಾಗದಗಳೆಲ್ಲ ಇಂಗ್ಲಿಷಿನಲ್ಲಿದ್ದುವು. ಅವುಗಳಲ್ಲೊಂದು ಕಡೆ "ಇರ್ರೆವೊಕಬಲ್" ಎಂಬ ಪದವಿತ್ತು. ಹಿಂತೆಗೆದುಕೊಳ್ಳಲಾಗದ್ದು ಎಂಬುದು ಅದರ ಅರ್ಥ. ಎರಡು ವರ್ಷಗಳಾದ ಮೇಲೆ ಹುಡುಗನು ಕಂತು ಕಟ್ಟದೆ ಊರು ಬಿಟ್ಟನು. ಜಾಮೀನನ್ನು ರದ್ದುಮಾಡಿಕೊಳ್ಳುವೆನೆಂದು ಇವರು ಹೋದಾಗ ಅಲ್ಲಿದ್ದವರು ಆ ಪದದ ಮೇಲೆ ಬೆರಳಿಟ್ಟು ತೋರಿಸಿದರು. ಇಂದು ಅವರ ಪಿಂಚಣಿಯ ಒಂದು ಭಾಗ ಪ್ರತಿ ತಿಂಗಳೂ ಆ ಸಾಲಕ್ಕೆ ಹೋಗುತ್ತಿದೆ. "ರುಜು ಹಾಕುವ ಮುಂಚೆ ಕೇಳಬಾರದಿತ್ತೆ?" ಎಂದು ನಾವು ಕೇಳಿದುದಕ್ಕೆ ಅವರು ಹೇಳಿದ ಮಾತು ನಮ್ಮನ್ನು ಬಹಳ ದಿನ ಕಾಡಿತು: "ಮೂವತ್ತು ವರ್ಷ ಕಛೇರಿಯಲ್ಲಿದ್ದವನು, ಈ ವಯಸ್ಸಿನಲ್ಲಿ ಒಂದು ಇಂಗ್ಲಿಷ್ ಪದದ ಅರ್ಥ ಕೇಳುವುದಕ್ಕೆ ನಾಚಿಕೆಯಾಯಿತು."

ನಮ್ಮ ಇಡೀ ವಾದದ ತಿರುಳು ಈ ನಾಚಿಕೆಯಲ್ಲಿದೆ. ಜೇಬಿನಲ್ಲಿ ಫೋನು ಅವರಿಗೂ ಇತ್ತು. ಇತರರ ಕಣ್ಣೆದುರಿಗೆ ಅದನ್ನು ತೆಗೆಯುವ ಧೈರ್ಯ ಬರಲಿಲ್ಲ. ಕನ್ನಡದ ಪದವೊಂದು ಗೊತ್ತಿಲ್ಲವೆಂದು ನಮ್ಮ ವಿದ್ಯಾವಂತರು ನಗುತ್ತಲೇ ಹೇಳುವರು. ಇಂಗ್ಲಿಷಿನ ಪದ ಗೊತ್ತಿಲ್ಲವೆನ್ನಲು ತಲೆತಗ್ಗಿಸುವರು. ದೊಡ್ಡ ಪದವನ್ನು ಮೆರೆಯುವುದಕ್ಕಾಗಿ ಕಲಿಸಿದ ವಿದ್ಯೆಯು ಅದರ ಅರ್ಥ ಕೇಳುವುದನ್ನು ಅವಮಾನವನ್ನಾಗಿ ಮಾಡಿತು. ಈ ಅವಮಾನದಿಂದ ಲಾಭಪಡೆಯುವವರು ಲೋಕದಲ್ಲಿ ಕಡಿಮೆಯಿಲ್ಲ. ಸಾಲಪತ್ರದಲ್ಲಿ, ವಿಮೆಯ ಕರಾರಿನಲ್ಲಿ, ಆಸ್ಪತ್ರೆಯ ಸಮ್ಮತಿಪತ್ರದಲ್ಲಿ ಅಡಗಿರುವ ಕಠಿನ ಪದಗಳು ಪ್ರಜೆಯ ಹಣಕ್ಕೂ ಹಕ್ಕಿಗೂ ಕೆಲವು ವೇಳೆ ಪ್ರಾಣಕ್ಕೂ ಸಂಬಂಧಿಸಿದವು. ಅವನ್ನು ಬಲ್ಲವನಿಗೆ ಅವು ಗುರಾಣಿ, ಅರಿಯದವನಿಗೆ ಬಲೆ. ಆದುದರಿಂದಲೇ ಕಲಿಯಿರಿ ಎನ್ನುತ್ತಿರುವೆವು. ಅಲಂಕಾರಕ್ಕಾಗಿ ಅಲ್ಲ, ಆತ್ಮರಕ್ಷಣೆಗಾಗಿ.

ಕಲಿಯುವವರಿಗೆ ಸಾಧನಗಳ ಕೊರತೆಯೂ ಇಲ್ಲ. ವಿಲಿಯಂ ರೀವನು 1824ರಲ್ಲಿಯೇ ಇಂಗ್ಲಿಷ್-ಕನ್ನಡ ನಿಘಂಟನ್ನು ಹೊರತಂದನು. 1894ರಲ್ಲಿ ಕಿಟ್ಟೆಲ್ ಮಹಾಶಯನ ಕನ್ನಡ-ಇಂಗ್ಲಿಷ್ ನಿಘಂಟು ಸುಮಾರು 70,000 ಪದಗಳೊಡನೆ ಮಂಗಳೂರಿನಲ್ಲಿ ಪ್ರಕಟವಾಯಿತು. ನಮ್ಮ ಮೈಸೂರು ವಿಶ್ವವಿದ್ಯಾನಿಲಯವು ಶ್ರೀಕಂಠಯ್ಯನವರಂತಹ ವಿದ್ವಾಂಸರ ದುಡಿಮೆಯಿಂದ ಇಂಗ್ಲಿಷ್-ಕನ್ನಡ ನಿಘಂಟನ್ನು 1946ರಲ್ಲಿ ಕನ್ನಡಿಗರ ಕೈಗಿತ್ತಿತು. ಅದೇ ವರ್ಷದ ಆರಂಭದಲ್ಲಿ ಆ ಮಹನೀಯರು ತೀರಿಕೊಂಡರು. ಮಹಾರಾಜಾ ಕಾಲೇಜಿನಲ್ಲಿಯೇ ಓದಿದ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ ತಮ್ಮ 107ನೆಯ ವಯಸ್ಸಿನಲ್ಲಿ ಗತಿಸುವವರೆಗೂ ಪದಗಳ ಅರ್ಥವನ್ನು ಕೇಳಿದವರಿಗೆಲ್ಲ ಹೇಳುತ್ತ ಬಾಳಿದರು. ಕೇಳುವುದು ನಾಚಿಕೆಗೇಡೆಂದು ಅವರು ಯಾರಿಗೂ ಅನ್ನಿಸಗೊಡಲಿಲ್ಲ. ಈ ನಗರದಲ್ಲಿಯೇ 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವು 2016ರಲ್ಲಿ ತೆರೆದ ಭಾರತವಾಣಿ ಜಾಲತಾಣದಲ್ಲಿ ಅನೇಕ ಕೋಶಗಳು ಉಚಿತವಾಗಿ ದೊರೆಯುತ್ತವೆ. ಕೆರೆ ತುಂಬಿದೆ, ಬೊಗಸೆಯೊಡ್ಡುವವರು ಬೇಕು.

ಇನ್ನು ಮಾಡತಕ್ಕ ಕಾರ್ಯಗಳನ್ನು ಕುರಿತು ನಮ್ಮ ಸಲಹೆಗಳನ್ನು ಸಂಕ್ಷೇಪವಾಗಿ ಹೇಳುವೆವು. ತರುಣರು ದಿನಕ್ಕೆ ಇಪ್ಪತ್ತು ಪದಗಳ ಹಟವನ್ನು ಬಿಟ್ಟು ಐದನ್ನು ಹಿಡಿಯಲಿ. ಪದ, ಅದಕ್ಕೊಪ್ಪುವ ಕನ್ನಡ ಮಾತು, ತಾವೇ ಕಟ್ಟಿದ ಒಂದು ವಾಕ್ಯ ಎಂದು ಮೂರು ಅಂಕಣಗಳನ್ನು ಮಾಡಿಕೊಳ್ಳಲಿ. ಉಪಾಧ್ಯಾಯರು ಪದವನ್ನು ಬಿಡಿಸಿ ತೋರಿಸಲಿ. ಅರ್ಥ ಕೇಳಿದ ಹುಡುಗನನ್ನು ನೋಡಿ ತರಗತಿಯು ನಗುವುದಕ್ಕೆ ಎಡೆಗೊಡದಿರಲಿ. ವಿಶ್ವವಿದ್ಯಾನಿಲಯವು ತನ್ನ ನಿಘಂಟಿನಿಂದ ಬ್ಯಾಂಕು, ನ್ಯಾಯಾಲಯ, ಆಸ್ಪತ್ರೆಗಳ ಪದಗಳನ್ನು ಆರಿಸಿ, ಹಳ್ಳಿಯ ವಿದ್ಯಾರ್ಥಿಯೂ ಕೊಳ್ಳಬಲ್ಲ ಬೆಲೆಗೆ ಕಿರುಹೊತ್ತಗೆಯೊಂದನ್ನು ಹೊರತರಲಿ. ಪರೀಕ್ಷೆ ನಡೆಸುವವರಿಗೂ ಒಂದು ಮಾತು. 2024ರ ಜನವರಿಯಿಂದ ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯುವಂತಾದುದು ಸಂತೋಷಕರ; ಇಂಗ್ಲಿಷನ್ನು ಪರೀಕ್ಷಿಸಬೇಕಾದ ಕಡೆಯೂ ಕೋಶದ ಮೂಲೆಯಿಂದ ಹೆಕ್ಕಿದ ಪದವನ್ನು ಬಿಟ್ಟು ಕೆಲಸಕ್ಕೆ ಬೇಕಾಗುವ ಭಾಷೆಯನ್ನು ಕೇಳಲಿ.

ಕೊನೆಯದಾಗಿ ನಮ್ಮ ಅಧಿಕಾರಿ ಮಹಾಶಯರಲ್ಲಿ ವಿಜ್ಞಾಪನೆ. 1963ರ ರಾಜಭಾಷಾ ಅಧಿನಿಯಮವು ಕನ್ನಡವನ್ನು ಈ ರಾಜ್ಯದ ಆಡಳಿತಭಾಷೆಯೆಂದು ಸಾರಿ ಅರುವತ್ತು ವರ್ಷಗಳು ಮೀರಿದುವು. ಕಛೇರಿಗಳ ಕಡತಗಳಲ್ಲಿ ಕನ್ನಡ ಬಹುಮಟ್ಟಿಗೆ ನೆಲೆಗೊಂಡಿದೆ; ಆದರೆ ಪ್ರಜೆಯು ರುಜು ಹಾಕಬೇಕಾದ ಎಷ್ಟೋ ಕಾಗದಗಳಿಗೆ ಅದು ಇನ್ನೂ ತಲುಪಿಲ್ಲ. ರುಜು ಕೇಳುವ ಪ್ರತಿಯೊಂದು ಕಾಗದವೂ, ಅದು ಸರ್ಕಾರದ್ದಾಗಲಿ ಬ್ಯಾಂಕಿನದಾಗಲಿ, ಕನ್ನಡದಲ್ಲಿಯೂ ಇರತಕ್ಕದ್ದು. ಆ ಕನ್ನಡವೂ ಇಂಗ್ಲಿಷಿನ ಕಠಿನ ಪದಕ್ಕೆ ಬದಲಾಗಿ ಇನ್ನೊಂದು ಕಠಿನ ಪದವನ್ನು ಕೂರಿಸಿದ ಕನ್ನಡವಾಗಕೂಡದು. "ಜಾಮೀನನ್ನು ಮುಂದೆ ಹಿಂದಕ್ಕೆ ಪಡೆಯಲಾಗದು" ಎಂಬ ಒಂದು ಸಾಲು ಆ ಗುಮಾಸ್ತರ ಕಾಗದದಲ್ಲಿದ್ದಿದ್ದರೆ ಅವರ ಮುಪ್ಪಿನ ದಿನಗಳು ಬೇರೆಯಾಗಿರುತ್ತಿದ್ದುವು.

ಮೊನ್ನೆ ಆ ತರುಣನು ಕೆರೆಯ ದಂಡೆಯಲ್ಲಿ ಮತ್ತೆ ಸಿಕ್ಕಿದನು. ನೋಟುಪುಸ್ತಕದಲ್ಲಿ ಕನ್ನಡಕ್ಕೊಂದು ಅಂಕಣ ಬಂದಿದೆ. ಒಂದು ಪದದೆದುರಿಗೆ ಮಾತ್ರ ಅದು ಖಾಲಿಯಾಗಿತ್ತು. "ಇದು ನಿಮಗೆ ಗೊತ್ತೆ, ಸ್ವಾಮಿ?" ಎಂದು ಕೇಳಿದನು. ನಮಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿದೆವು, ಮನೆಗೆ ಬಂದು ನಿಘಂಟನ್ನು ತೆರೆದೆವು. ಐವತ್ತು ದಾಟಿದ ಪತ್ರಿಕಾಸಂಪಾದಕನು ಹೀಗೆ ಹೇಳುವುದರಲ್ಲಿ ನಾಚಿಕೆಯೇನೂ ಇಲ್ಲವೆಂದಮೇಲೆ, ರುಜು ಹಾಕುವ ಮುಂಚೆ ಅರ್ಥ ಕೇಳುವುದರಲ್ಲಿ ನಮ್ಮ ಓದುಗರಲ್ಲಿ ಯಾರಿಗೂ ನಾಚಿಕೆಯಿರಬೇಕಾದ ಕಾರಣವಿಲ್ಲ.